ಬೆಳ್ಳಿಯ ತೂಕ

ನವಾಹೋ ಜನರ ಬೆಳ್ಳಿಯೊಡವೆಯನ್ನು ಬಹು ಪುರಾತನವೆಂದು ಹೊಗಳುವವರುಂಟು. ಜಾನ್ ಅಡೇರ್ ಅವರು ನವಾಹೋ ಮತ್ತು ಪ್ಯೂಬ್ಲೊ ಅಕ್ಕಸಾಲಿಗರನ್ನು ಕುರಿತು ಬರೆದ ಗ್ರಂಥವನ್ನು (1944) ಓದಿದ ಮೇಲೆ ಈ ಹೊಗಳಿಕೆ ನನಗೆ ಒಪ್ಪಿಗೆಯಾಗದು. ಅಕ್ಕಸಾಲಿಗರ ನೆನಪುಗಳನ್ನೇ ಆಧಾರವಾಗಿ ಹಿಡಿದಿರುವುದು ಈ ಗ್ರಂಥದ ಹಿರಿಮೆ.

ಅಮೆರಿಕದ ನೈರುತ್ಯ ಸೀಮೆಯ ಈ ಜನ ಬೆಳ್ಳಿಗೆಲಸಕ್ಕೆ ಕೈಹಾಕಿದ್ದು ಕಳೆದ ಶತಮಾನಕ್ಕೂ ಹಿಂದಿನ ಶತಮಾನದ ಉತ್ತರಾರ್ಧದಲ್ಲಿ. ಮೊದಲಿಗನೆಂದು ಹೆಸರಾದ ಅತ್ಸಿದಿ ಸಾನಿ ಲೋಹದ ಕೆಲಸ ಕಲಿತದ್ದು ಒಬ್ಬ ಮೆಕ್ಸಿಕನ್ ಕಮ್ಮಾರನಿಂದ. ನಾಣ್ಯಗಳನ್ನು ಕರಗಿಸಿದರು, ಮೆತುಗಲ್ಲಿನಲ್ಲಿ ಕೊರೆದ ಅಚ್ಚಿಗೆ ಎರಕ ಹೊಯ್ದರು. ಹಾರದ ನಡುವೆ ತೂಗುವ 'ನಾಜಾ' ಎಂಬ ಅರ್ಧಚಂದ್ರ ಸ್ಪೇನಿನವರ ಕುದುರೆಯ ಕಡಿವಾಣದ್ದು. ಹಿಂದಿನಿಂದಲೂ ಪೂಜ್ಯವಾಗಿದ್ದ ಟರ್ಕ್ವಾಯಿಸ್ ಎಂಬ ಹಸಿರುನೀಲಿ ಕಲ್ಲು ಬೆಳ್ಳಿಯಲ್ಲಿ ಕೂತದ್ದು 1880ರ ಸುಮಾರಿಗೆ.

ಹಾಗಾದರೆ ಇದು ಬರಿಯ ಎರವಲೇ? ಅಲ್ಲ. ಕುದುರೆಯ ಹಣೆಯ ಮೇಲಿದ್ದುದನ್ನು ಮನುಷ್ಯರ ಎದೆಗೆ ತಂದು ಒಪ್ಪಿಸಿದ ಕಲ್ಪನೆ ಅವರದೇ. ಒಡವೆ ಅವರಿಗೆ ಅಲಂಕಾರವೂ ಹೌದು, ಆಪದ್ಧನವೂ ಹೌದು. ಕಷ್ಟ ಬಂದಾಗ ವ್ಯಾಪಾರಿಯ ಅಂಗಡಿಯಲ್ಲಿ ಒತ್ತೆ. ಕುರಿಯುಣ್ಣೆ ಮಾರಿದ ಮೇಲೆ ಬಿಡಿಸಿಕೊಳ್ಳುವುದು. ಅದಕ್ಕೇ ಆ ಬೆಳ್ಳಿಗೆ ಅಷ್ಟು ತೂಕ.

1899ರಲ್ಲಿ ಫ್ರೆಡ್ ಹಾರ್ವೆ ಕಂಪೆನಿ ರೈಲು ಪ್ರವಾಸಿಗರಿಗಾಗಿ ಹಗುರವಾದ ಒಡವೆ ಮಾಡಿಸಿತು. ಕೈ ಅದೇ, ಕಲ್ಲೂ ಅದೇ. ತೊಡುವವರು ಮಾತ್ರ ಬೇರೆ. ಅನ್ಯರು ಮಾಡಿದ್ದನ್ನು ಮೂಲನಿವಾಸಿಗಳದೆಂದು ಮಾರದಂತೆ 1990ರಲ್ಲಿ ಅಮೆರಿಕ ಕಾನೂನು ಮಾಡಿತು. ಒಳ್ಳೆಯದೇ. ಆದರೆ ಯಾರು ಮಾಡಿದರೆಂಬುದನ್ನು ಕಾನೂನು ಕೇಳಬಹುದು. ಯಾರಿಗಾಗಿ ಮಾಡಿದರೆಂಬುದನ್ನು ನೋಡುವ ನಾವೇ ಕೇಳಬೇಕು. ಸಂಪ್ರದಾಯದ ಅಳತೆ ವಯಸ್ಸಿನಲ್ಲಿಲ್ಲ, ಆ ಪ್ರಶ್ನೆಯ ಉತ್ತರದಲ್ಲಿದೆ ಎಂದು ನನ್ನ ನಂಬಿಕೆ.