ಮಾಸ್ತಿಕಲ್ಲಿನ ಹೆಂಗಸು ಯಾರು?

ಮಹಾಲಕ್ಷ್ಮಿ ಲೇಔಟಿನಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆಗಿರುವ ಹಿರಿಯ ಮಿತ್ರರೊಬ್ಬರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಕಲ್ಲುಗಳ ಹುಚ್ಚು ಹಿಡಿಸಿಕೊಂಡಿದ್ದಾರೆ. ಭಾನುವಾರ ಬಂತೆಂದರೆ ಅಳತೆಯ ಟೇಪು, ನೀರಿನ ಬಾಟಲಿ, ಮೆತ್ತನೆಯ ಒಂದು ಬ್ರಷ್ಷು ಹಿಡಿದು ನಾಲ್ಕೈದು ಮಂದಿ ಸ್ನೇಹಿತರೊಡನೆ ಊರಾಚೆಗೆ ಹೊರಟುಬಿಡುತ್ತಾರೆ. ಈಚೆಗೆ ಒಂದು ಸಂಜೆ ಆಂಜನೇಯನ ಗುಡ್ಡದಲ್ಲಿ ಸಿಕ್ಕಿ, ಒಂದು ಚಿತ್ರವನ್ನೂ ತಾವು ಬರೆದ ಎಂಟು ಪುಟದ ಲೇಖನವನ್ನೂ ನನ್ನ ಕೈಗಿತ್ತು, “ಮೇಷ್ಟ್ರೇ, ಈ ತಾಯಿ ಯಾರೆಂದು ಕಂಡುಹಿಡಿದಿದ್ದೇನೆ. ಓದಿ ನೋಡಿ” ಎಂದರು.

ಚಿತ್ರದಲ್ಲಿದ್ದುದು ಅರಳಿಮರದ ಬುಡದ ಮಾಸ್ತಿಕಲ್ಲು. ಕಂಬದಿಂದ ಹೊರಚಾಚಿ ಮೊಳಕೈಯಲ್ಲಿ ಮೇಲಕ್ಕೆ ಮಡಿಸಿದ ತೋಳು, ತುಂಬಾ ಬಳೆ, ಬೆರಳುಗಳ ನಡುವೆ ನಿಂಬೆಹಣ್ಣು, ಮೇಲೆ ಸೂರ್ಯಚಂದ್ರರು. ಅಕ್ಷರ ಒಂದೂ ಇಲ್ಲ. ಲೇಖನದಲ್ಲಾದರೋ ಆಕೆ ಪಾಳೆಯಗಾರನೊಬ್ಬನ ಕಿರಿಯ ರಾಣಿ, ಹದಿನಾರರ ಚೆಲುವೆ, ನಗುನಗುತ್ತ ಚಿತೆಯೇರಿದ ವೀರವನಿತೆ!

ಈ ಬರಹವನ್ನು ಗೇಲಿ ಮಾಡುವ ಹಕ್ಕು ನನಗಿಲ್ಲ. ವಿದ್ಯಾರ್ಥಿಯಾಗಿದ್ದಾಗ ಇಂಥ ಪ್ರಬಂಧವನ್ನು ನಾನೂ ಬರೆದು ಭೇಷ್ ಎನ್ನಿಸಿಕೊಂಡಿದ್ದೆ. ಹವ್ಯಾಸಿಗಳ ಋಣವೂ ಸಣ್ಣದಲ್ಲ. ರೈಸ್ ಸಾಹೇಬರು 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟವಾಗಿ ತಂದರು. ಆಮೇಲೆ ಊರು ಬೆಳೆಯಿತು, ಕಲ್ಲುಗಳು ಚರಂಡಿಗೂ ಪಾಯಕ್ಕೂ ಸಂದುವು. 2018ರಲ್ಲಿ ಹೆಬ್ಬಾಳದಲ್ಲಿ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಮಣ್ಣಿನಡಿಯಿಂದ ಎದ್ದುಬಂದಾಗ ಅದನ್ನು ಉಳಿಸಲು ಮುಂದಾದವರು ಆಸಕ್ತ ನಾಗರಿಕರೇ. ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ 2021ರಿಂದ ಶಾಸನಗಳ ಮೂರು ಆಯಾಮದ ಪ್ರತಿಗಳು ಸಿದ್ಧವಾಗುತ್ತ ಬಂದಿರುವುದೂ ಇಂಥವರ ಉತ್ಸಾಹದಿಂದಲೇ. ಆದರೆ ಕಿತ್ತಯ್ಯನಿಗೆ ಹೆಸರಿತ್ತು, ಓದಲು ಅಕ್ಷರವಿತ್ತು. ಮಾಸ್ತಿಯ ಮುಂದೆ ಹವ್ಯಾಸಿಯ ಕೈಗೆ ಸಿಕ್ಕುವುದು ಒಂದು ತೋಳು ಮಾತ್ರ. ಆ ತೋಳಾದರೂ ಆಕೆಯದಲ್ಲ, ಶಿಲ್ಪಿಯ ಕಟ್ಟಳೆಯದು. ಬಳೆ ಮುತ್ತೈದೆತನದ ಗುರುತೇ ಹೊರತು ಸಿರಿವಂತಿಕೆಯ ಲೆಕ್ಕವಲ್ಲ. ಅದರಿಂದ ರಾಣಿಯನ್ನು ಕಾಣುವುದು ಹೇಗೆ?

ಪರದೇಶದ ಒಂದು ಸಂಗತಿ ನೆನಪಾಗುತ್ತದೆ. ಅಮೆರಿಕದ ಕೆಂಟಕಿಯಲ್ಲಿ 1968ರಲ್ಲಿ ಡೇರೆಯ ಬಟ್ಟೆಯಲ್ಲಿ ಸುತ್ತಿದ ಹೆಣ್ಣಿನ ಶವವೊಂದು ಸಿಕ್ಕಿತು. ಗುರುತು ಸಿಕ್ಕದೆ ‘ಟೆಂಟ್ ಗರ್ಲ್’ ಎಂದೇ ಕಲ್ಲು ನೆಟ್ಟರು. ಶವ ಕಂಡವನ ಅಳಿಯ ಟಾಡ್ ಮ್ಯಾಥ್ಯೂಸ್, ಕಾರ್ಖಾನೆಯ ಕೆಲಸಗಾರ, ವರ್ಷಗಟ್ಟಲೆ ಹುಡುಕಿ, ಅಕ್ಕತಂಗಿಯರು ಕಳೆದುಹೋದವಳಿಗಾಗಿ ಹಾಕಿದ್ದ ವಿಚಾರಣೆಯನ್ನು ಕಂಡ. 1998ರಲ್ಲಿ ಹೆಸರು ಸ್ಥಿರಪಟ್ಟಿತು. ಅಲ್ಲಿ ಊಹೆಯನ್ನು ಒರೆಗೆ ಹಚ್ಚಲು ರಕ್ತಸಂಬಂಧಿಗಳಿದ್ದರು. ನಮ್ಮ ಮಾಸ್ತಿಗೆ ಹಾಗೆ ಕಾದು ಕುಳಿತವರು ಯಾರೂ ಇಲ್ಲ. ನಾವು ಏನು ಬರೆದರೂ ಅಲ್ಲವೆನ್ನುವವರಿಲ್ಲ. ಎಚ್ಚರ ಬೇಕಾದದ್ದು ಅದಕ್ಕಾಗಿಯೇ.

ಹೆಸರಿರುವ ಒಬ್ಬಳನ್ನು ನೋಡೋಣ. ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನ 1057ರ ಶಾಸನದ ದೇಕಬ್ಬೆ, ನುಗುನಾಡಿನ ರವಿಗನ ಮಗಳು. ಗಂಡ ಏಚ ಮಲ್ಲಯುದ್ಧದಲ್ಲಿ ಒಬ್ಬನನ್ನು ಕೊಂದು ದೊರೆಯ ಆಜ್ಞೆಯಿಂದ ತಲಕಾಡಿನಲ್ಲಿ ಹತನಾದ. ಸುದ್ದಿ ಕೇಳಿ ಬೆಂಕಿಗೆ ಹೊರಟ ಮಗಳನ್ನು ಹೆತ್ತವರೂ ಬಂಧುಗಳೂ ತಡೆಯುತ್ತಾರೆ; ಆಕೆ ಕೇಳುವುದಿಲ್ಲ. ಬರೆದವನು ಮಲ್ಲನೆಂಬ ಕವಿ. ಕನ್ನಡದ ಶಾಸನಕಾವ್ಯಗಳಲ್ಲಿ ಇದಕ್ಕೆ ಸಮನಾದದ್ದನ್ನು ನಾನು ಹೆಚ್ಚು ಕಾಣೆ. ಅದರ ಶಕ್ತಿ ಸಾವಿನ ವರ್ಣನೆಯಲ್ಲಿಲ್ಲ, ತಡೆಯುವವರ ಗೋಳಿನಲ್ಲಿದೆ. ಬೇಡವೆಂದವರಿದ್ದರು ಎಂಬುದನ್ನು ಮಲ್ಲ ಮುಚ್ಚಿಡಲಿಲ್ಲ. ನಮ್ಮ ಮಿತ್ರರ ಎಂಟು ಪುಟಗಳಲ್ಲಿ ಬೇಡವೆನ್ನುವ ಒಬ್ಬ ತಾಯಿಯೂ ಇಲ್ಲ.

ಈ ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಸಾರ್, ಆಕೆಗೆ ಭಯವಾಗಲಿಲ್ಲವೆ?” ಎಂದು ಕೇಳಿದಳು. ಪದ್ಯಗಳನ್ನು ಮತ್ತೆ ನೋಡಿದೆ. ದೇಕಬ್ಬೆಯ ದಿಟ್ಟ ಉತ್ತರಗಳಿವೆ. ಆದರೆ ಮಾತು ಮಲ್ಲನದು. ಹೆಸರು, ತೌರು, ತೇದಿ ಎಲ್ಲ ತಿಳಿದವಳ ವಿಷಯದಲ್ಲೇ ಹೀಗಾದರೆ, ತೋಳೊಂದನ್ನೇ ಬಿಟ್ಟುಹೋದವಳು ‘ನಗುನಗುತ್ತ’ ಹೋದಳೆಂದು ಬರೆಯುವ ಧೈರ್ಯ ನಮಗೆ ಎಲ್ಲಿಂದ ಬರಬೇಕು? ಸತಿಯ ವೈಭವೀಕರಣ ಅಪರಾಧವೆಂದು 1987ರ ಕಾಯಿದೆ ಹೇಳಿದೆ. ಕಾಯಿದೆಯ ಮಾತು ಹಾಗಿರಲಿ, ವಿಮರ್ಶೆಯ ದೃಷ್ಟಿಯಿಂದಲೂ ಆ ‘ನಗು’ ಸುಳ್ಳು.

ನನ್ನ ಅಜ್ಜಿಯ ಊರಿನಲ್ಲಿಯೂ ಇಂಥ ಕಲ್ಲಿತ್ತು. ಅಜ್ಜಿ ಅರಿಸಿನ ಹಚ್ಚಿ, ‘ಮಾಸ್ತಮ್ಮ’ ಎಂದಷ್ಟೇ ಕರೆದು ಕೈಮುಗಿಯುತ್ತಿದ್ದಳು. ಯಾರು, ಏಕೆ ಸತ್ತಳು ಎಂದು ನಾನು ಕೇಳಲಿಲ್ಲ. ಅವಳು ಕಥೆ ಕಟ್ಟಲಿಲ್ಲ.

ಲೇಖನವನ್ನು ಹಿಂದಿರುಗಿಸುವಾಗ, ಕಲ್ಲಿನ ಅಳತೆ, ಸ್ಥಳ, ಹಳ್ಳಿಯ ಮುದುಕರ ಮಾತು ಇರುವ ಎರಡು ಪುಟಗಳನ್ನು ಉಳಿಸಿಕೊಂಡು ಮಿಕ್ಕುದನ್ನು ಬಿಟ್ಟುಬಿಡಿ ಎಂದೆ. ಮಿತ್ರರಿಗೆ ಬೇಸರವಾಯಿತು. ಆದರೂ ಬರುವ ಭಾನುವಾರ ನಾನೂ ಬರಲೇಬೇಕಂತೆ. ಕಲ್ಲಿನ ಬುಡ ಒಂದು ಗೇಣು ಮಣ್ಣಿನಲ್ಲಿ ಹೂತಿದೆ, ಅಕ್ಷರವಿದ್ದರೆ ಅಲ್ಲಿಯೇ ಇರಬೇಕು ಎಂಬುದು ಅವರ ಹಟ.