ಚುಚ್ಚುವ ಕಂಬಳಿಯ ಪರವಾಗಿ

ಹಳೇ ಹುಬ್ಬಳ್ಳಿಯ ನಮ್ಮ ಬೀಗರ ಮನೆಯ ಸೋಫಾದ ಮೇಲೆ ಬೂದುಬಣ್ಣದ ಶಾಲೊಂದು ಹಾಸಿತ್ತು. ‘ಯಾಕ್ ಉಣ್ಣೀದು, ಕೈ ಇಟ್ಟು ನೋಡ್ರಿ’ ಅಂದರು. ಇಟ್ಟೆ. ಬೆಕ್ಕಿನ ಮರಿಯಂತೆ ಮೆತ್ತಗಿತ್ತು. ಅಂಚಿನಲ್ಲಿ ಬಿಚ್ಚಿಕೊಂಡಿದ್ದ ಒಂದೆಳೆ ಕಿತ್ತು, ಅವರನ್ನು ಕೇಳಿಯೇ ಕಡ್ಡಿ ಗೀರಿದೆ. ಉಣ್ಣೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗಬೇಕು. ಇದು ಕರಗಿ ಗುಂಡುಸೂಜಿಯ ತಲೆಯಂಥ ಕರಿ ಗಂಟಾಯಿತು. ಅಕ್ರಿಲಿಕ್ ಇರಬೇಕು.

ನಿಜವಾದ ಯಾಕ್ ಉಣ್ಣೆಯ ಮೇಲೆ ನನಗೆ ಸಿಟ್ಟಿಲ್ಲ. ಆ ಪ್ರಾಣಿಗೆ ಎರಡು ಪದರ ಕೂದಲು. ಹೊರಗಿನ ಒರಟು ಕೂದಲು ಹಗ್ಗಕ್ಕೆ, ಅಲೆಮಾರಿಗಳ ಕರಿ ಡೇರೆಗೆ. ಒಳಗಿನ ನವಿರು ತುಪ್ಪಳವನ್ನು ಚಳಿ ಇಳಿದ ಮೇಲೆ ಬಾಚಿ ತೆಗೆಯುತ್ತಾರೆ. ಒಳ್ಳೆಯ ಶಾಲು ಆಗುವುದು ಅದರಿಂದಲೇ, ಅದು ಸಿಗುವುದೂ ಕಡಿಮೆ. ಮುಂಡಗೋಡ ನಮಗೇನು ದೂರವಲ್ಲ. 1966ರಿಂದ ಟಿಬೆಟನ್ನರು ಅಲ್ಲಿದ್ದಾರೆ. ಯಾಕ್ ಮಾತ್ರ ಅವರ ಜೊತೆ ಬಂದು ಇಲ್ಲಿ ನೆಲೆಸಲಿಲ್ಲ, ಈ ಸೆಕೆಯಲ್ಲಿ ಅದು ಬದುಕುವುದೂ ಇಲ್ಲ. ನಮ್ಮ ಚಳಿಯಾದರೂ ಎಷ್ಟು? ಎಳ್ಳಮಾಸಿ ಆಚೀಚೆ ನಾಲ್ಕು ವಾರ.

ಅದೇ ಮನೆಯ ಅಟ್ಟದ ಮೇಲೆ ಸುರುಳಿ ಸುತ್ತಿದ ಕರಿ ಕಂಬಳಿ ಇತ್ತು. ನನ್ನ ವಿಮರ್ಶೆ ಅದರದ್ದು.

ಕಂಬಳಿ ದಖ್ಖನಿ ಕುರಿಯ ಉಣ್ಣೆಯದು. ರಾಣೆಬೆನ್ನೂರು ಕಡೆಯ ಮೆಡ್ಲೇರಿ, ಆಚೆ ಚಳ್ಳಕೆರೆ ಇದಕ್ಕೆ ಹೆಸರಾದ ಊರುಗಳು. ಕುರುಬರ ಮನೆಯಲ್ಲಿ ಹೆಂಗಸರು ನೂಲುತ್ತಾರೆ, ಗಂಡಸರು ಕುಣಿಮಗ್ಗದಲ್ಲಿ ಕೂತು ನೇಯುತ್ತಾರೆ. ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಬಳಿಯುವುದರಿಂದಲೇ ಹೊಸ ಕಂಬಳಿಗೆ ಆ ಬಿರುಸು, ಆ ಹುಳಿ ಘಮ. ಕರಿ ಬಣ್ಣ ಕುರಿಯದೇ, ಬಣ್ಣದ ತೊಟ್ಟಿಯದಲ್ಲ. ಉಣ್ಣೆ ಸಾಕಷ್ಟು ತೇವ ಹೀರಿದರೂ ಮೈಗೆ ಹಸಿ ತಟ್ಟುವುದಿಲ್ಲ. ಕೊಪ್ಪೆ ಹಾಕಿ ಮಳೆಯಲ್ಲಿ ನಿಂತ ಕುರಿಗಾರನಿಗೆ, ಹೊಲದಲ್ಲಿ ಹಿಂಡು ತರುಬಿ ಇಬ್ಬನಿಯಲ್ಲಿ ಮಲಗುವವನಿಗೆ ಬೇಕಾದ್ದು ಇದೇ ಗುಣ. ಚುಚ್ಚುತ್ತದೆ ಎನ್ನುವವರಿಗೆ ಹಳೇ ಗಾದೆಯಿದೆ: ಕಂಬಳಿ ಮೇಲೆ ಉಣ್ಣುತ್ತ ಕೂದಲು ಆರಿಸಿದ ಹಾಗೆ.

ಈಗ ಇದನ್ನು ಮನೆ ಅಲಂಕಾರಕ್ಕೆ ಎಳೆಯುವ ಪ್ರಯತ್ನ ನಡೆದಿದೆ. ಕೌದಿಗೆ ಆ ದಾರಿ ಒಗ್ಗಿತು, ಅದು ಹಳೆ ಸೀರೆ ಧೋತರದ ಮೆದು ಅರಿವೆ, ಬಣ್ಣವೂ ತುಂಬ. ಕಂಬಳಿಯನ್ನು ಹಾಗೇ ಮಾಡಹೋದವರು ಮೊದಲು ಮಾಡುವ ತಪ್ಪು ಅಕ್ರಿಲಿಕ್ ನೂಲು ಬೆರೆಸಿ ಮೆತ್ತಗೆ ಮಾಡುವುದು. ಅಲ್ಲಿಗೆ ಅದು ಕಂಬಳಿಯೂ ಅಲ್ಲ, ಶಾಲೂ ಅಲ್ಲ. ಕುತ್ತಿಗೆಗೆ ಸುತ್ತುವ ಸ್ಟೋಲ್ ಮಾಡಿದ್ದನ್ನೂ ಹಾಕಿ ನೋಡಿದ್ದೇನೆ, ಅರ್ಧ ತಾಸಿನಲ್ಲಿ ಕುತ್ತಿಗೆ ಕೆಂಪಾಯಿತು. ನೆಲದ ಹಾಸಾಗಿ, ಗೋಡೆಗೆ ತೂಗುವುದಾಗಿ, ಚೀಲವಾಗಿ ಅದೇ ಬಿರುಸು ಬಲಕ್ಕೆ ಬರುತ್ತದೆ. ಎರಡು ಪಟ್ಟಿ ಕೂಡಿಸಿ ಹೊಲಿದ ನಡುವಿನ ಗೆರೆಯನ್ನು ಮುಚ್ಚದೆ ಬಿಟ್ಟರೆ ಇನ್ನೂ ಚೆಂದ.

ಕುಂದು ಇಲ್ಲವೇ? ಇದೆ. ಮಳೆಗಾಲದಲ್ಲಿ ಕುರಿ ವಾಸನೆ, ಬಿಸಿಲು ಕಾಣಿಸದಿದ್ದರೆ ನುಸಿ, ತೊಳೆದರೆ ಒಣಗಿಸುವ ಪಡಿಪಾಟಲು. ಅದಕ್ಕಿಂತ ದೊಡ್ಡ ತೊಂದರೆ ಹಿಂಡಿನಲ್ಲಿದೆ. ಕುರಿ ಸಾಕುವುದು ಈಗ ಮಾಂಸಕ್ಕೆ. ಉಣ್ಣೆ ಮಾರಿದರೆ ಕತ್ತರಿಸುವವನ ಕೂಲಿಯೂ ಹುಟ್ಟದು ಎಂಬುದು ಕುರಿಗಾರರ ದೂರು, ಉಣ್ಣೆಯಿಲ್ಲದ ಕೆಂಪು ಕುರಿ ಹಿಂಡಿಗೆ ಸೇರುತ್ತಿದೆ. ಕರಿ ಉಣ್ಣೆಯೇ ಬರದಿದ್ದರೆ ಮಗ್ಗಕ್ಕೆ ಎಷ್ಟು ತರಬೇತಿ ಕೊಟ್ಟರೂ ನೇಯುವುದೇನನ್ನು?

ಅಟ್ಟದಿಂದ ಇಳಿಸಿ ಕೊಡವಿದಾಗ ಪಡಸಾಲೆ ತುಂಬ ಧೂಳು. ಬೀಗರ ತಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು ಅದರ ಮೇಲೇ ಕಾಲು ಚಾಚಿ ಕೂತರು. ಯಾಕ್ ಶಾಲು ಮಾತ್ರ ಸೋಫಾದ ಮೇಲೇ ಉಳಿಯಿತು, ಎಳೆ ಕಿತ್ತ ಅಂಚು ಕೆಳಗೆ ಮಾಡಿ.