ಅಳದ ಮಗುವಿನ ನೋವು

ತ್ಯಾಗರಾಜನಗರದಲ್ಲಿ ನನ್ನ ತಂಗಿಯ ಮನೆಯ ಗೇಟು ಹಳೇ ಕಬ್ಬಿಣದ್ದು, ಅಗುಳಿಯ ತುದಿ ಚೂಪು. ಹೋದ ವರ್ಷ ಅವಳ ಮೊಮ್ಮಗ ಓಡಿಬಂದು ಅದಕ್ಕೆ ಹಣೆ ಬಡಿಸಿಕೊಂಡ. ನಾಲ್ಕು ವರ್ಷದ ಹುಡುಗ, ಮಾತಿಲ್ಲ, ಎರಡೂವರೆ ವರ್ಷಕ್ಕೇ ಆಟಿಸಂ ಎಂದು ಗೊತ್ತಾಗಿತ್ತು. ಹುಬ್ಬಿನ ಮೇಲೆ ಒಂದಂಗುಲ ಸೀಳಿ ಶರ್ಟೆಲ್ಲ ರಕ್ತವಾದರೂ ಅಳಲಿಲ್ಲ. ಗೇಟನ್ನು ತೆಗೆಯುತ್ತ, ಮುಚ್ಚುತ್ತ, ಮತ್ತೆ ತೆಗೆಯುತ್ತ ನಿಂತಿದ್ದ. ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲೂ ಸುಮ್ಮನಿದ್ದ. ಡ್ಯೂಟಿ ಡಾಕ್ಟರು ಫೈಲು ತಿರುವಿ ನೋಡಿ, "ಇಂಥ ಮಕ್ಕಳಿಗೆ ನೋವು ಅಷ್ಟಾಗಿ ಗೊತ್ತಾಗಲ್ಲಮ್ಮ, ಗಟ್ಟಿಯಾಗಿ ಹಿಡ್ಕೊಳಿ, ಎರಡೇ ನಿಮಿಷ" ಅಂದರು. ಮರಗಟ್ಟಿಸುವ ಇಂಜೆಕ್ಷನ್ ಕೊಡದೆ ನಾಲ್ಕು ಹೊಲಿಗೆ ಹಾಕಿದರು. ಕಾಲು ಹಿಡಿದವಳು ನಾನು.

ಆ ಮಾತು ಅವರೊಬ್ಬರದೇ ಅಲ್ಲ. ಪಾರ್ಕಿನ ಬೆಂಚಿನ ಮೇಲೆ, ಶಾಲೆಯಲ್ಲಿ, ತಾಯ್ತಂದೆಯರ ಬಾಯಲ್ಲಿಯೂ ಕೇಳಿದ್ದೇನೆ. "ನಮ್ಮವನು ಬಿದ್ದರೂ ಅಳಲ್ಲ, ತುಂಬ ಗಟ್ಟಿ" ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಕಣ್ಣಾರೆ ಕಂಡದ್ದನ್ನೇ ಅವರು ಹೇಳುತ್ತಿದ್ದಾರೆ. ಆದರೆ ಅವರು ಕಂಡದ್ದು ಅಳು ಇಲ್ಲದ್ದನ್ನು. ಅಳು ಇಲ್ಲ ಎಂದರೆ ನೋವು ಇಲ್ಲ ಎಂದು ಎಣಿಸಿದ್ದು ಅವರ ಊಹೆ. ಆ ಊಹೆ ತಪ್ಪು, ಚಿಕಿತ್ಸೆಯ ಕೋಣೆಯಲ್ಲಂತೂ ಅಪಾಯಕಾರಿ ಎಂಬುದು ನನ್ನ ವಾದ.

ಅಮೆರಿಕದ ಮನೋವೈದ್ಯರು 2013ರಲ್ಲಿ ಹೊರತಂದ ರೋಗನಿರ್ಣಯದ ಕೈಪಿಡಿ ಆಟಿಸಂನ ಲಕ್ಷಣಗಳಲ್ಲಿ ನೋವಿನ ಬಗೆಗಿನ ಉದಾಸೀನವನ್ನೂ ಸೇರಿಸಿದೆ, ನಿಜ. ಆದರೆ ಅದು ಹೇಳುವುದು ಉದಾಸೀನವಿರುವಂತೆ ತೋರುತ್ತದೆ ಎಂದು. ಆ 'ತೋರುತ್ತದೆ' ಎಂಬ ಪದ ಕೈಪಿಡಿಯಿಂದ ಕ್ಯಾಶುವಾಲ್ಟಿಗೆ ಬರುವಷ್ಟರಲ್ಲಿ ಉದುರಿಹೋಗಿದೆ. 2004ರಲ್ಲಿ ಕೆನಡಾದ ಸಂಶೋಧಕರು ರಕ್ತ ತೆಗೆಯುವ ಹೊತ್ತಿನಲ್ಲಿ ಆಟಿಸಂ ಇರುವ ಮಕ್ಕಳ ಮುಖವನ್ನು ಸೂಕ್ಷ್ಮವಾಗಿ ಗಮನಿಸಿದರು. ನೋವು ಮುಖದಲ್ಲಿ ಸ್ಪಷ್ಟವಾಗಿಯೇ ಮೂಡಿತ್ತು. ತಾಯ್ತಂದೆಯರ ಅಂದಾಜಿಗೂ ಅದಕ್ಕೂ ತಾಳೆಯಾಗಲಿಲ್ಲ. 2009ರಲ್ಲಿ ಫ್ರಾನ್ಸಿನಲ್ಲಿ ಇಂಥ 73 ಮಕ್ಕಳು ಮತ್ತು ಹದಿಹರೆಯದವರನ್ನು ಪರೀಕ್ಷಿಸಿದ ತಂಡಕ್ಕೆ ಕಂಡದ್ದು ಇನ್ನೂ ಗಾಢವಾದ ಸಂಗತಿ. ಸೂಜಿ ಚುಚ್ಚಿದಾಗ ಹೊರಗಿನ ಪ್ರತಿಕ್ರಿಯೆ ಕಡಿಮೆಯಿತ್ತು, ಎದೆಬಡಿತ ಮಾತ್ರ ಬೇರೆ ಮಕ್ಕಳಿಗಿಂತ ಹೆಚ್ಚು ಏರಿತ್ತು.

ಅಂದರೆ ಮೈಗೆ ಗೊತ್ತು. ಅದನ್ನು ನಮಗೆ ತಲುಪಿಸುವ ದಾರಿ ಬೇರೆ.

ವೈದ್ಯಶಾಸ್ತ್ರ ಇಂಥ ತಪ್ಪನ್ನು ಹಿಂದೆಯೂ ಮಾಡಿದೆ. ಹಸುಗೂಸುಗಳಿಗೆ ನೋವು ಸರಿಯಾಗಿ ತಿಳಿಯುವುದಿಲ್ಲವೆಂದು 1980ರ ದಶಕದವರೆಗೂ ಎಷ್ಟೋ ಕಡೆ ಸಾಕಷ್ಟು ಅರಿವಳಿಕೆ ಇಲ್ಲದೆಯೇ ಅವಕ್ಕೆ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಭಾರತದಿಂದ ಹೋದ ಮಕ್ಕಳ ವೈದ್ಯ ಕೆ.ಜೆ.ಎಸ್. ಆನಂದ್ ಮತ್ತು ಜೊತೆಗಾರರು 1987ರಲ್ಲಿ ಪ್ರಕಟಿಸಿದ ಅಧ್ಯಯನಗಳು ಆ ನಂಬಿಕೆಯನ್ನು ಕೆಡವಿದವು. ಬಾಯಿಲ್ಲದವರ ನೋವನ್ನು ಬಾಯಿದ್ದವರ ಅಳತೆಗೋಲಿನಲ್ಲಿ ಅಳೆದದ್ದೇ ಅಲ್ಲೂ ಆದ ತಪ್ಪು.

ಹೊಲಿಗೆಗಿಂತಲೂ ನನ್ನನ್ನು ಕಾಡುವುದು ಕಣ್ಣಿಗೆ ಕಾಣದ ಗಾಯ. ಮಣಿಕಟ್ಟಿನ ಮೂಳೆ ಬಿರುಕುಬಿಟ್ಟ ಮಗು ಕೈ ತೋರಿಸಿ ಅಳಬೇಕೆಂದಿಲ್ಲ. ಬ್ಲಾಕುಗಳನ್ನು ಸಾಲಾಗಿ ಇಡುವುದನ್ನು ನಿಲ್ಲಿಸಬಹುದು, ರಾತ್ರಿ ಮಲಗದಿರಬಹುದು, ಗೋಡೆಗೆ ತಲೆ ಚಚ್ಚಿಕೊಳ್ಳಬಹುದು. ಆಗ ಮನೆಯಲ್ಲಿ "ಹಠ ಜಾಸ್ತಿಯಾಗಿದೆ" ಎನ್ನುತ್ತೇವೆ, ಆಸ್ಪತ್ರೆಯಲ್ಲಿ "ಆಟಿಸಂ ಅಲ್ವಾ, ಹಾಗೇ ಇರತ್ತೆ" ಎನ್ನುತ್ತಾರೆ. ಆಟಿಸಂ ಎಂಬ ಹೆಸರೇ ಎಕ್ಸ್‌ರೇಗೆ ಅಡ್ಡ ನಿಲ್ಲುತ್ತದೆ. ಹುಳುಕು ಹಲ್ಲು, ಕಿವಿಯ ಕೀವು, ಒಳಗಿನ ಮೂಗೇಟು ಎಲ್ಲವೂ ಹೀಗೆ ತಡವಾಗುತ್ತವೆ. ನೆನ್ನೆಯವರೆಗೆ ಮಾಡುತ್ತಿದ್ದದ್ದನ್ನು ಇವತ್ತು ಮಾಡುತ್ತಿಲ್ಲ ಎಂದು ತಾಯಿ ಹೇಳಿದರೆ, ಅದನ್ನು ಜ್ವರದ ಅಂಕಿಯಷ್ಟೇ ಗಂಭೀರವಾಗಿ ಕೇಸ್ ಶೀಟಿನಲ್ಲಿ ಬರೆದುಕೊಳ್ಳಬೇಕು.

ನಮ್ಮ ಆಸ್ಪತ್ರೆಗಳ ನೂಕುನುಗ್ಗಲು ನನಗೆ ಗೊತ್ತಿಲ್ಲದ್ದೇನಲ್ಲ. ಒಬ್ಬ ಡಾಕ್ಟರು, ಇಬ್ಬರು ಸಿಸ್ಟರ್, ಸಾಲಾಗಿ ಸ್ಟ್ರೆಚರು. ಉಸಿರಿಗೆ ಕುತ್ತು ಬಂದಾಗ, ರಕ್ತ ನಿಲ್ಲದೆ ಹರಿಯುತ್ತಿದ್ದಾಗ ಹಿಡಿದೇ ಚಿಕಿತ್ಸೆ ಮಾಡಬೇಕು, ಅಲ್ಲಿ ಚರ್ಚೆಗೆ ಎಡೆಯಿಲ್ಲ. ಆದರೆ ಹುಬ್ಬಿನ ಸೀಳು ಅರ್ಧ ಗಂಟೆ ಕಾಯಬಲ್ಲದು. ಒತ್ತಿ ಹಿಡಿದು ಉಳಿಸಿದ ಆ ಅರ್ಧ ಗಂಟೆಗೆ ಮಗು ಮುಂದೆ ಬೆಲೆ ತೆರುತ್ತದೆ. ನಮ್ಮ ಹುಡುಗ ಆಮೇಲೆ ತಿಂಗಳುಗಟ್ಟಲೆ ಯಾರಿಗೂ ತಲೆ ಮುಟ್ಟಲು ಬಿಡಲಿಲ್ಲ. ಕ್ಷೌರ ನಿಂತಿತು, ಅಭ್ಯಂಜನ ನಿಂತಿತು. ಮುಂದಿನ ಸಲ ನಿಜವಾಗಿ ತುರ್ತು ಬಂದರೆ ಆಸ್ಪತ್ರೆಯ ಬಾಗಿಲು ದಾಟಿಸುವುದು ಹೇಗೆ?

ಬೇಕಾದದ್ದು ದುಬಾರಿ ಯಂತ್ರವಲ್ಲ. ಮಾತಾಡದ ಮಕ್ಕಳ ನೋವನ್ನು ಮುಖ, ಕಾಲು, ಚಲನೆ, ಅಳು, ಸಮಾಧಾನಗೊಳ್ಳುವ ರೀತಿ ನೋಡಿ ಅಳೆಯುವ ಒಂದು ಮಾಪಕ 1997ರಿಂದ ಇದೆ. ಬೌದ್ಧಿಕ ತೊಂದರೆಯಿರುವ ಮಕ್ಕಳಿಗಾಗಿ 2006ರಲ್ಲಿ ಅದನ್ನು ತಿದ್ದಿದಾಗ, ತಮ್ಮ ಮಗು ನೋವನ್ನು ಹೇಗೆ ತೋರಿಸುತ್ತದೆ ಎಂದು ತಾಯ್ತಂದೆಯರೇ ಸೇರಿಸಲು ಜಾಗ ಕೊಟ್ಟರು. ಚಿಕ್ಕ ಸೀಳಿಗೆ ಹೊಲಿಗೆಯ ಬದಲು ಚರ್ಮದ ಅಂಟು ಸಾಕಾಗುವುದುಂಟು. ಡ್ರಿಪ್ಪಿನ ಸೂಜಿಗೆ ಮುಂಚೆ ಚರ್ಮ ಮರಗಟ್ಟಿಸುವ ಮುಲಾಮಿದೆ, ಹಚ್ಚಿ ಒಂದು ಗಂಟೆ ಕಾಯಬೇಕು ಅಷ್ಟೆ. ಇನ್ನು ಕಾನೂನು: ಆಟಿಸಂ ಅನ್ನು ಪಟ್ಟಿಗೆ ಸೇರಿಸಿದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 25ನೇ ಕಲಂ ಚಿಕಿತ್ಸೆಯಲ್ಲಿ ಆದ್ಯತೆಯನ್ನೂ, ಸರ್ಕಾರಿ ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳಲ್ಲಿ ಅಡೆತಡೆಯಿಲ್ಲದ ಪ್ರವೇಶವನ್ನೂ ಹೇಳುತ್ತದೆ. ಅಡೆತಡೆ ಎಂದೊಡನೆ ನಾವು ಮೆಟ್ಟಿಲು ತೆಗೆದು ಇಳಿಜಾರು ಕಟ್ಟುತ್ತೇವೆ. ಈ ಹುಡುಗನಿಗೆ ಅಡೆತಡೆಯೆಂದರೆ ಮಿಣುಕುವ ಟ್ಯೂಬ್‌ಲೈಟು, ಮೈಕಿನಲ್ಲಿ ಕೂಗುವ ಟೋಕನ್ ನಂಬರು, ಹೇಳದೆ ಕೇಳದೆ ಮೈಮೇಲೆ ಬೀಳುವ ನಾಲ್ಕು ಜನರ ಕೈ.

ಆರನೆಯ ದಿನ ಹೊಲಿಗೆ ಬಿಚ್ಚಿಸಲು ಬೇರೊಂದು ಸಣ್ಣ ಕ್ಲಿನಿಕ್ಕಿಗೆ ಕರೆದೊಯ್ದೆವು. ಅಲ್ಲಿನ ಡಾಕ್ಟರಮ್ಮ ಕೊನೆಯ ಪೇಶಂಟ್ ಹೋದ ಮೇಲೆ ಬನ್ನಿ ಅಂದಿದ್ದರು. ದೊಡ್ಡ ಲೈಟು ಆರಿಸಿ ಮೇಜಿನ ದೀಪ ಹಚ್ಚಿದರು. ಹುಡುಗ ಅಮ್ಮನ ತೊಡೆಯ ಮೇಲೆ ಕೂತು ಅವರ ಮೇಜಿನ ಡ್ರಾಯರನ್ನು ತೆಗೆದು ಮುಚ್ಚತೊಡಗಿದ. ಅವನು ಒಮ್ಮೆ ಮುಚ್ಚಿದಾಗ ಒಂದು ಹೊಲಿಗೆ ಬಿಚ್ಚಿದರು, ಮತ್ತೆ ಮುಚ್ಚುವವರೆಗೆ ಕಾದರು. ಹೀಗೆ ಮೂರು ಹೊಲಿಗೆ ಬಿಚ್ಚಿ, ನಾಲ್ಕನೆಯದಕ್ಕೆ ಕೈ ಹಾಕಿದಾಗ ಅವರ ಮಣಿಕಟ್ಟು ಹಿಡಿದು ಮೆಲ್ಲಗೆ ದೂರ ತಳ್ಳಿದ. ಅವರು ಕತ್ತರಿ ಕೆಳಗಿಟ್ಟರು. "ನೋವಾಗ್ತಿದೆ ಅಂತ ಹೇಳ್ತಿದ್ದಾನೆ" ಎಂದು, ಹತ್ತಿಯನ್ನು ಸಲೈನಿನಲ್ಲಿ ಅದ್ದಿ ಒಣಗಿದ ಹಕ್ಕಳೆಯ ಮೇಲಿಟ್ಟು ಕಾದರು. ಸ್ವಲ್ಪ ಹೊತ್ತಾದ ಮೇಲೆ ಅವನೇ ಡ್ರಾಯರ್ ಮುಚ್ಚಿದ.